ಹ್ಯಾರಿಯೋ ಅಲೀನಾಳೋ: ಯಾರನ್ನು ಮೊದಲು ಓದೋದು?

ಹ್ಯಾರಿ ಪಾಟರ್ ಮತ್ತು ‘ಶ್ಯಾಡೋ ಆ್ಯಂಡ್ ಬೋನ್’ ಕಾದಂಬರಿಯ ನಾಯಕಿ ಅಲೀನಾ: ಇಬ್ಬರೂ ತಬ್ಬಲಿಗಳು, ಇಬ್ಬರಿಗೂ ತಮ್ಮೊಳಗಿನ ಶಕ್ತಿಯ ಸುಳಿವಿಲ್ಲ. 1997ರ ಮೊದಲ ‘ಹ್ಯಾರಿ ಪಾಟರ್’ನಲ್ಲಿ ಹುಡುಗನಿಗೆ 11 ತುಂಬುತ್ತದೆ, ಮೆಟ್ಟಿಲ ಕೆಳಗಿನ ಗೂಡು ಬಿಟ್ಟು ಮಾಯಾಶಾಲೆ ಸೇರುವುದೇ ಅವನಿಗೆ ಬಿಡುಗಡೆ.

ಲೀ ಬಾರ್ಡುಗೊ ಅವರ ‘ಶ್ಯಾಡೋ ಆ್ಯಂಡ್ ಬೋನ್’ (2012) ಹಾಗಲ್ಲ. ಅಲೀನಾ ಸೈನ್ಯದಲ್ಲಿ ನಕ್ಷೆ ಬರೆಯುವವಳು. ಕತ್ತಲ ಸೀಮೆ ದಾಟುವಾಗ ರೆಕ್ಕೆಯ ಮೃಗಗಳು ಎರಗುತ್ತವೆ. ಗೆಳೆಯ ಮಾಲ್‌ನನ್ನು ಉಳಿಸಹೋದವಳ ಮೈಯಿಂದ ಬೆಳಕು ಚಿಮ್ಮುತ್ತದೆ. ಆಮೇಲೆ ಅವಳು ಎಲ್ಲರಿಗೂ ಬೇಕು, ಅವರವರ ಲೆಕ್ಕಾಚಾರಕ್ಕೆ. ಅವಳೇ ಕಥೆ ಹೇಳುವುದರಿಂದ ಆ ಭಯ ನಮಗೂ ತಟ್ಟುತ್ತದೆ. ಜೊತೆಗೆ ಜಾರ್ ದೊರೆಗಳ ಕಾಲದ ರಷ್ಯಾದ ವಾಸನೆ, ನನಗಂತೂ ಹುಚ್ಚು ಹಿಡಿಸಿತು.

ಏಳನೇ ಕ್ಲಾಸಿನವರಿಗೆ ಹ್ಯಾರಿಯೇ ಸರಿ. ಪಿಯುಸಿಯವರು, ಪ್ರೇಮವೂ ರಾಜಕೀಯವೂ ಬೇಕೆನ್ನುವವರು ಅಲೀನಾಳನ್ನು ಎತ್ತಿಕೊಳ್ಳಿ. ಅವಳದು ಮೂರೇ ಪುಸ್ತಕ, ಹ್ಯಾರಿಯದು ಏಳು.