ರುಮಾಲಿನ ನೆರಳಿಗೆ ಯಾವ ಫ್ಲ್ಯಾಶ್?

ಚಿತ್ರದುರ್ಗದಲ್ಲಿ ಬೆಳಗ್ಗೆ ಹನ್ನೊಂದು ದಾಟಿತೆಂದರೆ ಯಾರ ಮುಖ ತೆಗೆದರೂ ಒಂದೇ ಗೋಳು. ಹಣೆ ಹೊಳೆಯುತ್ತದೆ, ಕಣ್ಣಿರಬೇಕಾದ ಜಾಗದಲ್ಲಿ ಎರಡು ಗುಳಿ. ತಲೆಗೆ ರುಮಾಲು ಸುತ್ತಿದವರಾದರೆ ಮೂಗಿನವರೆಗೂ ಕತ್ತಲೆ. ಆ ಕತ್ತಲೆಗೆ ಒಂಚೂರು ಬೆಳಕು ತುಂಬಲು ಯಾವುದು ವಾಸಿ ಎಂದು ನೋಡಲೇಬೇಕು ಅನ್ನಿಸಿತು. ಕ್ಯಾಮೆರಾ ನನ್ನ ಹಳೇ ಯಾಶಿಕಾ ಮ್ಯಾಟ್ 124ಜಿ, ಎರಡು ಲೆನ್ಸಿನದು, ಮೇಲಿನಿಂದ ಬಗ್ಗಿ ನೋಡುವುದು. 120 ಫಿಲ್ಮಿನ ಒಂದು ರೋಲಿಗೆ 12 ಚೌಕ ಫ್ರೇಮು. ನಾಲ್ಕು ದಾರಿ (ಬಿಸಿಲು ತಿರುಗಿಸುವ ಒಂದು ಥರ್ಮಾಕೋಲ್ ಹಾಳೆ, ಮೂರು ಬಗೆಯ ಫ್ಲ್ಯಾಶು), ತಲಾ ಮೂರು ಫ್ರೇಮು ಅಂತ ಲೆಕ್ಕ ಹಾಕಿದೆ.

ಕೂತವರು ಜೋಗಿಮಟ್ಟಿ ರಸ್ತೆ ಕಡೆಯ ನಮ್ಮ ಓಣಿಯ ಅಜ್ಜ. ಕುರಿ ಕಾಯುವುದು ಬಿಟ್ಟಿದ್ದಾರೆ, ಹೆಗಲ ಮೇಲಿನ ಕರೀ ಕಂಬಳಿ ಬಿಟ್ಟಿಲ್ಲ. ಕೆಂಪು ರುಮಾಲು, ಬಿಳಿ ಪಂಚೆ. ಬೆಳಕಿನ ಪರೀಕ್ಷೆಗೆ ಇದಕ್ಕಿಂತ ಕಷ್ಟದ ಉಡುಪು ಹುಡುಕಿದರೂ ಸಿಗುತ್ತಿರಲಿಲ್ಲ.

ದೊಡ್ಡ ನೆಗೆಟಿವ್ ಅಂದಮೇಲೆ ದೊಡ್ಡ ಫ್ಲ್ಯಾಶೇ ಬೇಕು ಅಂತ ಬಹಳ ದಿನ ನಂಬಿದ್ದೆ. ಹಾಗೇನಿಲ್ಲ. ಯಾಶಿಕಾದಲ್ಲಿ ಶಟರ್ ಇರುವುದು ಲೆನ್ಸಿನೊಳಗೆ, ಎಸಳುಗಳು ನಡುವಿನಿಂದ ತೆರೆದು ಮುಚ್ಚುತ್ತವೆ. ಹಾಗಾಗಿ 1/500 ಸೆಕೆಂಡಿನವರೆಗೆ ಯಾವ ವೇಗಕ್ಕಾದರೂ ಫ್ಲ್ಯಾಶ್ ಹೊಂದುತ್ತದೆ. ಇದೇ ಫಿಲ್ಮಿನ, ಆದರೆ ಪರದೆ ಶಟರಿನ ಪೆಂಟಾಕ್ಸ್ 67 ಕ್ಯಾಮೆರಾದಲ್ಲಿ ಅದು 1/30ಕ್ಕೇ ನಿಂತುಬಿಡುತ್ತದೆ. ವ್ಯತ್ಯಾಸ ಎಷ್ಟು ಅಂತ ನೋಡಿ: ಐಎಸ್‌ಒ 100 ಫಿಲ್ಮಿಗೆ ಚುರುಕು ಬಿಸಿಲಲ್ಲಿ 1/125ಕ್ಕೆ ಎಫ್/16, ಅಂದರೆ 1/500ಕ್ಕೆ ಎಫ್/8 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ಎರಡು ಮೀಟರ್ ದೂರದ ಮುಖಕ್ಕೆ ಎಫ್/8ರಲ್ಲಿ ಪೂರ್ತಿ ಬೆಳಕು ಬೇಕೆಂದರೆ ಗೈಡ್ ನಂಬರ್, ಅಂದರೆ ದೂರವನ್ನು ಎಫ್ ಅಂಕೆಯಿಂದ ಗುಣಿಸಿ ಸಿಗುವ ಫ್ಲ್ಯಾಶಿನ ಬಲದ ಅಳತೆ, 16. ನಮಗೆ ಬೇಕಿರುವುದು ಬಿಸಿಲಿಗಿಂತ ಒಂದೂವರೆ ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಹಾಗಾಗಿ ಒಂಬತ್ತು ಹತ್ತು ಸಾಕು. 36ರ ಫ್ಲ್ಯಾಶಾದರೆ ಅದರ ಶಕ್ತಿಯ ಹದಿನಾರನೇ ಒಂದು ಪಾಲು. ಅದೇ ಬಿಸಿಲಲ್ಲಿ 1/30ಕ್ಕೆ ಇಳಿದರೆ ಎಫ್/32ಕ್ಕೆ ಹೋಗಬೇಕು, ಆ ಫ್ಲ್ಯಾಶು ಇದ್ದಬದ್ದದ್ದೆಲ್ಲ ಸುರಿಯಬೇಕು. ಹಾಗಾಗಿ ನನಗೆ ಬೇಕಾಗಿದ್ದು ಜೋರಾಗಿ ಹೊಡೆಯುವ ಫ್ಲ್ಯಾಶಲ್ಲ, ಹೇಳಿದಷ್ಟೇ ಕೊಡುವುದು.

ಮೊದಲನೇ ರೋಲು ಪೂರ್ತಿ ಹಾಳಾಯಿತು, ಅದನ್ನೂ ಹೇಳಿಬಿಡುತ್ತೇನೆ. ಲೆನ್ಸಿನ ಪಕ್ಕ ಎಕ್ಸ್, ಎಂ ಎಂದು ಬರೆದ ಸಣ್ಣ ಕಡ್ಡಿ ಇದೆ. ಎಂ ಇರುವುದು ಹಳೇ ಕಾಲದ ಫ್ಲ್ಯಾಶ್ ಬಲ್ಬಿಗೆ. ಬಲ್ಬು ಹೊತ್ತಿಕೊಂಡು ಬೆಳಗುವುದಕ್ಕೆ ಸಮಯ ಬೇಕಲ್ಲ, ಅದಕ್ಕೆ ಶಟರ್ ತೆರೆಯುವ ಮೊದಲೇ ಕಿಡಿ ಕೊಡುತ್ತದೆ. ಈಗಿನ ಎಲೆಕ್ಟ್ರಾನಿಕ್ ಫ್ಲ್ಯಾಶು ಅಷ್ಟರಲ್ಲಿ ಮಿಂಚಿ ಮುಗಿದಿರುತ್ತದೆ. ಚೀಲದಲ್ಲಿ ಉಜ್ಜಿ ಕಡ್ಡಿ ಎಂ ಕಡೆ ಸರಿದಿದ್ದು ನಾನು ನೋಡಲಿಲ್ಲ. ಫ್ಲ್ಯಾಶ್ ಮಿಂಚಿದ್ದನ್ನು ಕಣ್ಣಾರೆ ಕಂಡಿದ್ದೆ, ಬಚ್ಚಲಮನೆಯಲ್ಲಿ ತೊಳೆದು ನೇತುಹಾಕಿದ ಫಿಲ್ಮಿನಲ್ಲಿ ಒಂದೂ ಮಿಂಚಿಲ್ಲ. ಈಗ ಫಿಲ್ಮ್ ಹಾಕುವ ಮೊದಲು ಹಿಂಬಾಗಿಲು ತೆರೆದು, ಲೆನ್ಸನ್ನು ಗೋಡೆಗೆ ತಿರುಗಿಸಿ ಒಮ್ಮೆ ಕ್ಲಿಕ್ ಮಾಡುತ್ತೇನೆ. ಲೆನ್ಸಿನೊಳಗಿಂದ ಬೆಳ್ಳಗಿನ ದುಂಡು ಬೆಳಕು ಕಂಡರೆ ಸರಿ.

ಎರಡನೇ ರೋಲು ಇಲ್‌ಫೋರ್ಡ್ ಡೆಲ್ಟಾ 100, ಕಪ್ಪುಬಿಳುಪಿನದು. ಶುರು ಮಾಡಿದ್ದು ಫ್ಲ್ಯಾಶೇ ಇಲ್ಲದೆ, ಥರ್ಮಾಕೋಲ್ ಹಾಳೆಯಿಂದ. ಖರ್ಚಿಲ್ಲ, ತಂತಿಯಿಲ್ಲ, ಎಷ್ಟು ಬೆಳಕು ತುಂಬಿತು ಎಂದು ಬಗ್ಗಿ ನೋಡುವ ಗಾಜಿನ ಮೇಲೇ ಕಾಣುತ್ತದೆ. ಆದರೆ ನಮ್ಮೂರ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಅಷ್ಟು ಗಾಳಿಗಿರಣಿ ಸುಮ್ಮನೆ ನಿಲ್ಲಿಸಿಲ್ಲ. ಹಿಡಿದ ಹುಡುಗನ ಕೈಯಿಂದ ಹಾಳೆ ಎರಡು ಸಲ ಹಾರಿತು. ಅದಕ್ಕಿಂತ ದೊಡ್ಡ ತೊಂದರೆ ಅಜ್ಜನ ಕಣ್ಣು. "ತಮ್ಮಾ, ಕನ್ನಡಿ ಹಿಡ್ದಂಗಾಗ್ತತಿ, ಕಣ್ ಬಿಡಾಕ ಆಗವಲ್ದು" ಅಂದರು. ಮೂರರಲ್ಲಿ ಎರಡು ಫ್ರೇಮಿನಲ್ಲಿ ಕಣ್ಣು ಕಿರಿದು ಗೀಟಾಗಿದೆ. ಫ್ಲ್ಯಾಶ್ ಮುಖ ಕಿವಿಚುವಷ್ಟರಲ್ಲಿ ಮುಗಿದಿರುತ್ತದೆ, ಅದರ ಲಾಭ ಇಲ್ಲೇ ಇರುವುದು.

ಆಮೇಲೆ ಮೆಟ್ಜ್ 45 ಸಿಟಿ-4. ಮದುವೆ ಫೋಟೋಗ್ರಾಫರುಗಳ ಕೈಯಲ್ಲಿ ಸುತ್ತಿಗೆಯ ಹಾಗೆ ಇರುತ್ತಿತ್ತಲ್ಲ, ಅದು. ದಾವಣಗೆರೆಯಲ್ಲಿ ಸ್ಟುಡಿಯೋ ಮುಚ್ಚಿದವರೊಬ್ಬರಿಂದ ತಂದಿದ್ದೆ. ಗೈಡ್ ನಂಬರ್ 45, ಬೆಳಕು ಸೊಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾಶಿಕಾಕ್ಕೂ ಅದಕ್ಕೂ ಜಾತಕ ಕೂಡಿಬರಲಿಲ್ಲ. ಹಿಡಿಯನ್ನು ಎಡಕ್ಕೆ ಕಟ್ಟಿದರೆ ಫೋಕಸ್ ತಿರುಪು ಸಿಗುವುದಿಲ್ಲ, ಬೆರಳು ಹಿಡಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಲಕ್ಕೆ ಕಟ್ಟಿದರೆ ಫಿಲ್ಮ್ ಸುತ್ತುವ ಕ್ರ್ಯಾಂಕು ಹಿಡಿಗೆ ಬಡಿಯುತ್ತದೆ. ಆರು ಪೆನ್ಸಿಲ್ ಸೆಲ್ಲಿನ ಭಾರ ಒಂದು ಕಡೆ ವಾಲಿ, ಗಾಜಿನಲ್ಲಿ ಅಜ್ಜ ಸದಾ ಓರೆ. ಮೂರನೇ ಫ್ರೇಮಿಗೆ ಕೈ ಸೋತಿತು. ಛತ್ರದೊಳಗೆ ಬಿಳಿ ಸೂರಿಗೆ ಬೆಳಕು ಹೊಡೆದು ತೆಗೆಯುವವರಿಗೆ ಅದು ಇರಲಿ, ಬಯಲಿಗಲ್ಲ.

ವಿವಿಟಾರ್ 283 ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ನಾಲ್ಕು ಸೆಲ್ಲು, ಗೈಡ್ ನಂಬರ್ 36, ಮುಂದೆ ಬಣ್ಣಬಣ್ಣದ ಗುರುತಿನ ಒಂದು ಸೆನ್ಸರ್ ಕಣ್ಣು. ಮುಖದಿಂದ ವಾಪಸು ಬಂದ ಬೆಳಕನ್ನು ಆ ಕಣ್ಣು ಅಳೆದು, ಸಾಕಾದಾಗ ತಾನೇ ಕತ್ತರಿಸುತ್ತದೆ. ಫಿಲ್, ಅಂದರೆ ನೆರಳಿಗಷ್ಟೇ ತುಂಬುವ ಬೆಳಕು, ಬೇಕೆಂದರೆ ಅದಕ್ಕೆ ಸುಳ್ಳು ಹೇಳಬೇಕು: ಲೆನ್ಸ್ ಎಫ್/8ರಲ್ಲಿದ್ದರೂ ಅದಕ್ಕಿಂತ ಎರಡು ಸ್ಟಾಪ್ ಅಗಲದ ಬಣ್ಣಕ್ಕೆ ತಿರುಗಿಸಿದರೆ ಎರಡು ಸ್ಟಾಪ್ ಕಡಿಮೆ ಬೆಳಕು ಬರುತ್ತದೆ. ಓಡಾಡುವ ಮಕ್ಕಳಿಗೆ, ಜಾತ್ರೆಗೆ ಇಂಥದ್ದೇ ಬೇಕು, ಹತ್ತಿರ ದೂರ ಎರಡನ್ನೂ ತಾನೇ ನೋಡಿಕೊಳ್ಳುತ್ತದೆ.

ಆದರೆ ಕಂಬಳಿ ಅದನ್ನು ಏಮಾರಿಸಿತು. ಅಜ್ಜ ಕಂಬಳಿ ಮುಂದಕ್ಕೆ ಹೊದ್ದು ಕೂತ ಫ್ರೇಮಿನಲ್ಲಿ ಸೆನ್ಸರಿಗೆ ಕಂಡಿದ್ದೆಲ್ಲ ಕಪ್ಪು. ಬೆಳಕು ಸಾಲದು ಎಂದುಕೊಂಡು ಸುರಿದೇ ಸುರಿಯಿತು, ಅಜ್ಜನ ಮೂಗು ಸುಣ್ಣ ಬಳಿದ ಹಾಗಾಗಿದೆ. ಮುಂದಿನದರಲ್ಲಿ ಕಂಬಳಿ ಹಿಂದಕ್ಕೆ ಸರಿಸಿ ಬಿಸಿಲು ಬಿದ್ದ ಸುಣ್ಣದ ಗೋಡೆಯ ಮುಂದೆ ಕೂರಿಸಿದೆ. ಗೋಡೆಯ ಬೆಳಕನ್ನೇ ತನ್ನದೆಂದು ಲೆಕ್ಕ ಹಿಡಿದು ಬೇಗ ನಿಂತುಬಿಟ್ಟಿತು, ರುಮಾಲಿನ ಕೆಳಗೆ ಮತ್ತೆ ಕತ್ತಲೆ. ಮೂರನೆಯದು ಹಸಿರು ಬೇವಿನ ನೆರಳಿಗೆ ಬೆನ್ನು ಹಾಕಿ ತೆಗೆದದ್ದು. ಅದು ಮಾತ್ರ ಬಂಗಾರದಂಥದ್ದು.

ಇನ್ನೊಂದು ಮಾತು, ಜಪಾನಿನಲ್ಲಿ ತಯಾರಾದ ಮೊದಮೊದಲ 283ಗಳಲ್ಲಿ ಕ್ಯಾಮೆರಾಕ್ಕೆ ಜೋಡಿಸುವ ಸಿಂಕ್ ತಂತಿಯಲ್ಲಿ 200 ವೋಲ್ಟಿಗೂ ಮೇಲೆ ಇರುತ್ತದೆ. ಯಾಶಿಕಾದೊಳಗೆ ಇರುವುದು ಬರೀ ಲೋಹದ ಸಂಪರ್ಕ, ಅದಕ್ಕೇನೂ ಆಗದು. ಡಿಜಿಟಲ್ ಕ್ಯಾಮೆರಾ ತಲೆಮೇಲೆ ಕೂರಿಸಿದರೆ ಅದರ ಕಥೆ ಮುಗಿದರೂ ಮುಗಿಯಬಹುದು. ನನ್ನ ತಮ್ಮ ಕೇಳಿದಾಗೆಲ್ಲ ನಾನು ಕೊಡದೆ ಇರುವುದು ಜಿಪುಣತನಕ್ಕಲ್ಲ.

ಕೊನೆಯದು ಗೋಡಾಕ್ಸ್ ಟಿಟಿ600, ಜೊತೆಗೆ ಕ್ಯಾಮೆರಾ ಸಾಕೆಟ್ಟಿಗೆ ಸಣ್ಣ ತಂತಿಯಿಂದ ಸಿಕ್ಕಿಸಿದ, ದೂರದ ಫ್ಲ್ಯಾಶನ್ನು ಮಿಂಚಿಸುವ ರೇಡಿಯೋ ಟ್ರಿಗರ್. ಇದಕ್ಕೆ ಬೆಳಕು ಅಳೆದು ಕತ್ತರಿಸುವ ಸೆನ್ಸರ್ ಕಣ್ಣೇ ಇಲ್ಲ. ಕಪ್ಪು ಬಿಳುಪು ಯಾವುದಕ್ಕೂ ಮೋಸ ಹೋಗುವುದಿಲ್ಲ, ಶಕ್ತಿಯ 1/16 ಅಂದರೆ 1/16, ಬೇಕಾದರೆ 1/128ರವರೆಗೂ ಇಳಿಯುತ್ತದೆ. ದೂರ ಅಳೆಯುವುದು ಹೇಗೆ ಅಂತೀರಾ? ಯಾಶಿಕಾದ ಫೋಕಸ್ ತಿರುಪಿನ ಮೇಲೇ ದೂರ ಬರೆದಿದೆಯಲ್ಲ! ಫ್ಲ್ಯಾಶ್ ಕ್ಯಾಮೆರಾ ಪಕ್ಕದಲ್ಲಿದ್ದಾಗ ಅದೇ ಸಾಕು. ಬೇರೆ ಕಡೆ ಇಟ್ಟಾಗ ಎರಡು ಮೀಟರಿಗೆ ಗಂಟು ಹಾಕಿದ ಒಂದು ಹುರಿ ಫ್ಲ್ಯಾಶಿನ ಕುತ್ತಿಗೆಗೆ ಕಟ್ಟಿದ್ದೇನೆ. ಗಂಟು ಅಜ್ಜನ ಗಲ್ಲಕ್ಕೆ ಮುಟ್ಟಿಸಿ, ಹುರಿ ಬಿಟ್ಟು, ಕ್ಲಿಕ್. ಮೂರೂ ಫ್ರೇಮಿನಲ್ಲಿ ಕಣ್ಣು ಒಂದೇ ಸಮ, ಕಪ್ಪಿನೊಳಗೆ ಸಾಸಿವೆಯಷ್ಟು ಬಿಳಿ ಚುಕ್ಕಿ. ಕಂಬಳಿಯ ಎಳೆ ಎಣಿಸಬಹುದು, ಆದರೂ ಅದು ಕಪ್ಪಾಗೇ ಉಳಿದಿದೆ. ಇದು ಸೋಲುವುದು ಮುಂದಿನವರು ಅಲುಗಾಡಿದಾಗ. ಒಂದು ಹೆಜ್ಜೆ ಮುಂದೆ ಬಂದರೂ ಲೆಕ್ಕ ತಪ್ಪುತ್ತದೆ.

ಹಾಗಾಗಿ ಕೂತು ತೆಗೆಸಿಕೊಳ್ಳುವವರಿಗೆ ಗೋಡಾಕ್ಸ್, ನಿಲ್ಲದವರಿಗೆ 283. ಒಂದೇ ಕೊಳ್ಳುವುದಾದರೆ ಗೋಡಾಕ್ಸ್ ಅನ್ನುತ್ತೇನೆ, ಮನಸ್ಸು 283 ಕಡೆ ಎಳೆದರೂ. ಕೋಟೆಯೊಳಗೆ ತೆಗೆಯುವವರು ಒಂದು ನೆನಪಿಡಿ: ಸ್ಟ್ಯಾಂಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಲ್ಲಿ ನಾನು ಫ್ಲ್ಯಾಶನ್ನು ಜೊತೆಗಿದ್ದವರ ಕೈಗೆ ಕೊಟ್ಟು ಹುರಿ ನಾನು ಹಿಡಿಯುತ್ತೇನೆ.

ಅಜ್ಜನಿಗೆ ಕೊಟ್ಟಿದ್ದು ಹನ್ನೊಂದನೇ ಫ್ರೇಮು. ಬಹಳ ಹೊತ್ತು ನೋಡಿ, "ಕಂಬಳಿ ಚಲೋ ಬಂದೈತಿ" ಅಂದರು.