ಪೀಜೋ ಪಟ್ಟಿಯೋ, ಮ್ಯಾಗ್ನೆಟ್-ಕಾಯಿಲೋ? ನಡುಕದಿಂದ ಕರೆಂಟ್ ತೆಗೆದು ನೋಡಿದ್ದು

ಮೋಟಾರಿನ ಮೇಲೆ ಒಂದು ಪುಟ್ಟ ಸೆನ್ಸರ್ ಕೂರಿಸಬೇಕು, ಅದಕ್ಕೆ ಬೇಕಾದ ಕರೆಂಟು ಮೋಟಾರಿನ ನಡುಕದಿಂದಲೇ ಬರಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಸೆನ್ಸರ್ ಆಗಾಗ ಎಚ್ಚರಗೊಂಡು ಬಿಸಿ ಅಳೆದು, ರೇಡಿಯೋದಲ್ಲಿ ಕಳಿಸಿ, ಮತ್ತೆ ಮಲಗುತ್ತದೆ. ಸರಾಸರಿ ಹತ್ತಾರು ಮೈಕ್ರೋವ್ಯಾಟ್ ಸಿಕ್ಕರೆ ಸಾಕು. ಮೊಬೈಲ್ ಚಾರ್ಜ್ ಮಾಡುವ ಆಸೆ ಇದ್ದವರು ಇದನ್ನು ಮರೆತುಬಿಡಿ, ಅದಕ್ಕೆ ವ್ಯಾಟ್‌ಗಟ್ಟಲೆ ಬೇಕು.

ಮೊದಲು ಅಳತೆಯ ವಿಷಯ. ಬರೀ ಮೀಟರ್ ಹಿಡಿದು ವೋಲ್ಟ್ ನೋಡಿದರೆ ಏನೂ ತಿಳಿಯುವುದಿಲ್ಲ. 470 ಮೈಕ್ರೋಫ್ಯಾರಡ್ ಕೆಪಾಸಿಟರ್ (ಕರೆಂಟ್ ಕೂಡಿಡುವ ಪುಟ್ಟ ಬಿಡಿಭಾಗ) 5 ವೋಲ್ಟ್‌ಗೆ ತುಂಬಿದರೆ ಅದರಲ್ಲಿ ಸುಮಾರು 6 ಮಿಲಿಜೌಲ್ ಇರುತ್ತದೆ. ಅದು ಒಂದು ನಿಮಿಷದಲ್ಲಿ ತುಂಬಿತು ಅಂದರೆ ನಿಮಗೆ 100 ಮೈಕ್ರೋವ್ಯಾಟ್ ಸಿಗುತ್ತಿದೆ ಎಂದರ್ಥ. ಎಲ್ಲವನ್ನೂ ಇದೇ ರೀತಿ ತೂಗಿ ನೋಡಿದೆ.

ಪೀಜೋ ಪಟ್ಟಿ, ಅಂದರೆ ಬಾಗಿಸಿದರೆ ಕರೆಂಟ್ ಹುಟ್ಟಿಸುವ ಸೆರಾಮಿಕ್ ಪಟ್ಟಿ, ಕೈಗೆ ಸಿಕ್ಕ ಕೂಡಲೇ ಖುಷಿ ಕೊಡುತ್ತದೆ. ಬೆರಳಲ್ಲಿ ಮೀಟಿದರೆ ಹತ್ತು ವೋಲ್ಟ್ ದಾಟುತ್ತದೆ. ಆದರೆ ಮೋಟಾರಿಗೆ ಸುಮ್ನೆ ಅಂಟಿಸಿದರೆ ಒಂದು ವೋಲ್ಟೂ ಬರಲಿಲ್ಲ. ಅದನ್ನು ಶ್ರುತಿ ಮಾಡಬೇಕು. 2880 ಆರ್‌ಪಿಎಂ ಮೋಟಾರ್ ಅಂದರೆ ಸೆಕೆಂಡಿಗೆ 48 ಸುತ್ತು. ಪಟ್ಟಿಯೂ ಸರಿಯಾಗಿ 48ರಲ್ಲೇ ಆಡಬೇಕು. ಒಂದು ಬದಿ ಬಿಗಿಯಾಗಿ ಹಿಡಿಸಿ, ಇನ್ನೊಂದು ಬದಿಗೆ ಸಣ್ಣ ನಟ್ ಕೂರಿಸಿದೆ. ನಟ್ಟನ್ನು ತುದಿಗೆ ಸರಿಸಿದರೆ ಆಟ ನಿಧಾನವಾಗುತ್ತದೆ, ಬುಡದ ಕಡೆ ಸರಿಸಿದರೆ ಚುರುಕಾಗುತ್ತದೆ. ಸರಿಯಾದ ಜಾಗ ಸಿಕ್ಕಿದಾಗ ಪಟ್ಟಿಯ ಅಂಚು ಕಣ್ಣಿಗೆ ಮಸುಕಾಗಿ ಕಾಣುತ್ತದೆ, ಕೆಪಾಸಿಟರ್ ದಬದಬ ಏರುತ್ತದೆ. ಅಲ್ಲಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಮುಗಿಯಿತು. ಮೋಟಾರಿನ ಮೇಲೆ ಭಾರ ಬಿದ್ದು ವೇಗ ಚೂರು ಇಳಿದರೂ ಪಟ್ಟಿ ಮಂಕಾಗುತ್ತದೆ. ಇನ್ನೊಂದು ತೊಂದರೆ, ಸೆರಾಮಿಕ್ ಬಲು ನಾಜೂಕು. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕರೆಂಟ್ ಇಳಿಯುತ್ತದೆ. ಸೋಲ್ಡರ್ ಕೂಡ ಚಕ್ಕನೆ ಮುಗಿಸಬೇಕು, ಜಾಸ್ತಿ ಬಿಸಿಯಾದರೆ ಅದರ ಗುಣವೇ ಹೋಗುತ್ತದೆ.

ಮ್ಯಾಗ್ನೆಟ್-ಕಾಯಿಲ್ ಇದಕ್ಕೆ ತದ್ವಿರುದ್ಧ. ಗಟ್ಟಿಮುಟ್ಟು, ಬಿದ್ದರೂ ಏನೂ ಆಗಲ್ಲ. ತಂತಿಯ ಸುರುಳಿಯ ಪಕ್ಕ ಮ್ಯಾಗ್ನೆಟ್ ಅಲುಗಿದರೆ ಕರೆಂಟ್ ಹುಟ್ಟುತ್ತದೆ, ಫ್ಯಾರಡೆ 1831ರಲ್ಲಿ ತೋರಿಸಿದ ಅದೇ ತತ್ವ. ಆದರೆ ನನಗೆ ಸಿಕ್ಕಿದ್ದು ಅರ್ಧ ವೋಲ್ಟಿನ ಆಸುಪಾಸು. ಹಿಂದೆ ಮುಂದೆ ಹರಿಯುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಸಾಮಾನ್ಯ ಡಯೋಡುಗಳ ಬ್ರಿಡ್ಜ್ ಒಂದು ವೋಲ್ಟಿಗಿಂತ ಜಾಸ್ತಿ ನುಂಗುತ್ತದೆ, ಇನ್ನು ಉಳಿಯುವುದೇನು? ಕಡಿಮೆ ವೋಲ್ಟ್ ನುಂಗುವ ಶಾಟ್ಕಿ ಡಯೋಡ್ ಹಾಕಿ, ತೆಳು ತಂತಿಯಲ್ಲಿ ಸುತ್ತು ಹೆಚ್ಚಿಸಿದ ಮೇಲೆ ಅಷ್ಟಿಷ್ಟು ಬಂತು. ತಪ್ಪು ಕಾಯಿಲಿನದಲ್ಲ, ಜಾಗದ್ದು. ಕಾಯಿಲಿಗೆ ದೊಡ್ಡ ಅಲುಗಾಟ ಬೇಕು. ಸೆಕೆಂಡಿಗೆ 48 ಬಾರಿ ನಡುಗುವ ಮೋಟಾರಿನ ಮೈ, ವೇಗೋತ್ಕರ್ಷ 1 ಮೀಟರ್ ಪ್ರತಿ ಸೆಕೆಂಡ್ ವರ್ಗ ಇದ್ದರೂ, ಅಲುಗುವುದು 0.01 ಮಿಲಿಮೀಟರಿನಷ್ಟು. ಅದೇ ವೇಗೋತ್ಕರ್ಷ ಸೆಕೆಂಡಿಗೆ 2 ಬಾರಿಯಾದರೆ 6 ಮಿಲಿಮೀಟರ್ ಅಲುಗುತ್ತದೆ. ಅದಕ್ಕೇ ಕೊಳವೆಯೊಳಗೆ ಮ್ಯಾಗ್ನೆಟ್ ಓಡಾಡುವ ಕಾಯಿಲನ್ನು ಕಾಲಿಗೆ ಕಟ್ಟಿ ನಡೆದಾಗ ಪೀಜೋವನ್ನು ಸಲೀಸಾಗಿ ಹಿಂದೆ ಹಾಕಿತು.

ಮೂರನೆಯದು ಟ್ರೈಬೋಎಲೆಕ್ಟ್ರಿಕ್, ಅಂದರೆ ಎರಡು ವಸ್ತು ತಾಗಿ ಬಿಟ್ಟಾಗ ಹುಟ್ಟುವ ಕರೆಂಟ್ ಹಿಡಿಯುವುದು, 2012ರಿಂದ ಸುದ್ದಿಯಲ್ಲಿದೆ. ಟೆಫ್ಲಾನ್ ಟೇಪ್, ಅಲ್ಯೂಮಿನಿಯಂ ಹಾಳೆ ಎರಡನ್ನೂ ತಟ್ಟಿದರೆ ಎಲ್‌ಇಡಿ ಮಿನುಗುತ್ತದೆ. ಚೆಂದವೇನೋ ಹೌದು, ಆದರೆ ಗಾಳಿಯಲ್ಲಿ ತೇವ ಇದ್ದ ದಿನ ಸಪ್ಪೆ. ನಂಬಿ ಕೆಲಸಕ್ಕೆ ಹಚ್ಚುವಷ್ಟು ಧೈರ್ಯ ನನಗೆ ಬರಲಿಲ್ಲ.

ಹಾಗಾಗಿ ಒಂದೇ ವೇಗದಲ್ಲಿ ಇಡೀ ದಿನ ಓಡುವ ಮೋಟಾರಿಗೆ ಪೀಜೋ. ನಡಿಗೆ, ಕುಲುಕಾಟಕ್ಕೆ ಕಾಯಿಲ್. ಇನ್ನೊಬ್ಬ ಎದುರಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಮಾಮೂಲಿ ಸಿಆರ್2032 ಕಾಯಿನ್ ಸೆಲ್. ಅದರಲ್ಲಿ ಸುಮಾರು 2400 ಜೌಲ್ ಇರುತ್ತದೆ. ಮೋಟಾರ್ ಹಗಲೂ ರಾತ್ರಿ ಓಡಿದರೆ 100 ಮೈಕ್ರೋವ್ಯಾಟ್ ಪೀಜೋ ಅಷ್ಟನ್ನು ಒಂಬತ್ತು ತಿಂಗಳಲ್ಲಿ ಕೊಡುತ್ತದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಓಡುವ ಮೋಟಾರಾದರೆ 30 ವರ್ಷ ದಾಟುತ್ತದೆ. ಅಂಥ ಕಡೆ ನಾನು ಸೆಲ್ಲನ್ನೇ ಹಾಕಿದ್ದೇನೆ.