ಬೀಟ್ ಮಾಡೋಕೆ ಲ್ಯಾಪ್‌ಟಾಪಾ, ಪುಟ್ಟ ಮಷೀನಾ?

ಸಂಜೆ ತಲೆ ಹಗುರ ಮಾಡ್ಕೊಳೋಕೆ ಬೀಟ್, ಅಂದ್ರೆ ಹಾಡಿನ ತಾಳ, ಮಾಡೋದು ಕಲೀಬೇಕು ಅನ್ನೋ ನಮ್ಮ ಚಿಕ್ಕಮಗಳೂರು ಕಡೆಯೋರಿಗೆ ಇದು.

ಲ್ಯಾಪ್‌ಟಾಪಲ್ಲಿ ಎಲ್ಲಾ ಇದೆ. ಮ್ಯೂಸಿಕ್ ಮಾಡೋ ಸಾಫ್ಟ್‌ವೇರಲ್ಲಿ ಎಲ್‌ಎಂಎಂಎಸ್ ಪೂರ್ತಿ ಫ್ರೀ, ಎಫ್‌ಎಲ್ ಸ್ಟುಡಿಯೋ ಟ್ರಯಲಲ್ಲೂ ಸೇವ್ ಮಾಡ್ಬಹುದು, ಆದ್ರೆ ದುಡ್ಡು ಕೊಟ್ಟು ತಗೊಳೋ ತನಕ ಆ ಪ್ರಾಜೆಕ್ಟ್ ಮತ್ತೆ ಓಪನ್ ಆಗಲ್ಲ, ಗೊತ್ತಿರ್ಲಿ. ತೊಂದ್ರೆ ಏನಪ್ಪಾ ಅಂದ್ರೆ ದಿನವಿಡೀ ಆಫೀಸಲ್ಲಿ ನೋಡಿದ ಸ್ಕ್ರೀನೇ ಮತ್ತೆ, ಒಂದು ಒಳ್ಳೆ ಕಿಕ್ (ಡ್ರಮ್ಮಿನ ದಪ್ಪ ‘ಧಮ್’) ಸೌಂಡ್ ಹುಡುಕ್ತಾ ಕೂತ್ರೆ ಊಟದ ಹೊತ್ತಾಗಿರತ್ತೆ, ಬೀಟ್ ಮಾತ್ರ ಶುರುನೇ ಆಗಿರಲ್ಲ.

ಪುಟ್ಟ ಮಷೀನ್ ಅಂದ್ರೆ ಪಾಕೆಟ್ ಆಪರೇಟರ್ ಪಿಒ-33, ಸದ್ದು ಹಿಡಿದು ಬೀಟ್ ಕಟ್ಟೋ ಯಂತ್ರ. ಕ್ಯಾಲ್ಕುಲೇಟರ್ ಸೈಜಿಂದು, ಎರಡು ಎಎಎ ಸೆಲ್ ಸಾಕು, ಹಾಗಾಗಿ ಜುಲೈ ಮಳೇಲಿ ಕರೆಂಟ್ ಹೋದ್ರೂ ತಲೆಬಿಸಿ ಇಲ್ಲ. ಮೈಕ್ ಅದ್ರಲ್ಲೇ ಇದೆ, ಒಟ್ಟು 40 ಸೆಕೆಂಡ್ ಸೌಂಡ್ ಹಿಡಿಯತ್ತೆ. ಜಿಂಕ್ ಶೀಟ್ ಮೇಲೆ ಬೀಳೋ ಮಳೆ, ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷೀನ್) ಸದ್ದು, ಸ್ಟೀಲ್ ಲೋಟ ತಟ್ಟಿದ್ದು ಎಲ್ಲಾ ರೆಕಾರ್ಡ್ ಮಾಡ್ಕೊಳಿ. 16 ಬಟನ್ ಅಂದ್ರೆ 16 ಸ್ಟೆಪ್, ಒಂದಾದ್ಮೇಲೊಂದು ನುಡಿಯೋ 16 ಜಾಗ: 1, 5, 9, 13ರಲ್ಲಿ ಪಲ್ಪರ್ ಸದ್ದು ಇಡಿ, 5 ಮತ್ತೆ 13ರಲ್ಲಿ ಲೋಟನೂ ಸೇರ್ಸಿ, ಪ್ಲೇ ಒತ್ತಿ, ತಲೆ ತಾನಾಗೇ ಅಲ್ಲಾಡತ್ತೆ! ಉದ್ದದ ಹಾಡು ಕಟ್ಟೋದು ಮಾತ್ರ ಇದ್ರಲ್ಲಿ ರಗಳೆ.

ಫೋನಲ್ಲಿ ಬ್ಯಾಂಡ್‌ಲ್ಯಾಬ್ ಅನ್ನೋ ಮ್ಯೂಸಿಕ್ ಆ್ಯಪ್ ಫ್ರೀ ಇದೆ, ರುಚಿ ನೋಡೋಕೆ ಸಾಕು. ಬ್ಲೂಟೂತ್ ಬೇಡ, ಬೆರಳು ತಟ್ಟಿದ್ಮೇಲೆ ಸದ್ದು ಲೇಟಾಗಿ ಬರತ್ತೆ, ವೈರಿನ ಇಯರ್‌ಫೋನೇ ಹಾಕಿ.

ನನ್ ಕೇಳಿದ್ರೆ ಬರೀ ರಿಲ್ಯಾಕ್ಸ್‌ಗೆ ಪುಟ್ಟ ಮಷೀನೇ. ಹಾಡು ಮುಗಿಸಿ ಯೂಟ್ಯೂಬಿಗೆ ಹಾಕೋ ಆಸೆ ಇದ್ರೆ ಮನೇಲಿರೋ ಲ್ಯಾಪ್‌ಟಾಪೇ ಆಗತ್ತೆ, ಹೊಸದೇನೂ ತಗೋಬೇಡಿ.